ಲೆಕ್ಕ ಮಾಫಿ

"ಇಂವಗ ಲೆಕ್ಕ ಯಾಕ್ರೀ ಸರ? ಹ್ಯಾಂಗೂ ಮಾಫಿ ಅದ."

ಕೊಡಂಬಲದ ಕಡೆಯ ಒಂದು ಶಾಲೆಯಲ್ಲಿ ಈ ಮಾತು ಕೇಳಿದಾಗ ನಾನೂ ಸುಮ್ಮನೆ ತಲೆಯಾಡಿಸಿದ್ದೆ. ಹೇಳಿದವರು ಕೆಟ್ಟವರಲ್ಲ. ಕಣ್ಣು ಕಾಣದ ಆ ಹುಡುಗನನ್ನು ದಿನಾ ಬಿಸಿಯೂಟಕ್ಕೆ ಕೈಹಿಡಿದು ಕರಕೊಂಡು ಹೋಗುವವರೇ ಅವರು. ಮಾಫಿ ಅಂದದ್ದೂ ಸುಳ್ಳಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಮಕ್ಕಳು ಗಣಿತದ ಬದಲು ಬೇರೆ ವಿಷಯ ತಗೋಬಹುದು. ಆದರೆ ಹುಡುಗ ಇನ್ನೂ ಐದನೇ ಕ್ಲಾಸು. ಐದು ವರ್ಷ ಆಚೆಗಿನ ಪರೀಕ್ಷೆಯ ರಿಯಾಯಿತಿ ಇವತ್ತಿನ ಪಾಠವನ್ನೇ ನುಂಗಿಬಿಟ್ಟಿತ್ತು.

ದಯೆಗೆ ಹಿಂಗೊಂದು ಗುಣ ಇದೆ. ಅದು ಹೊರೆ ಇಳಿಸುತ್ತದೆ, ಆದರೆ ಯಾರ ಹೊರೆ ಅಂತ ಹೇಳೋದಿಲ್ಲ. ಹುಡುಗನ ಹೊರೆ ಇಳಿಯಿತೋ, ನಮ್ಮದೋ?

ಅಮೆರಿಕದ ಅಬ್ರಹಾಂ ನೆಮೆತ್ ಹುಟ್ಟುಕುರುಡ. ಗಣಿತ ಓದುತ್ತೇನೆ ಅಂದಾಗ ಹಿತೈಷಿಗಳು ಬೇಡ ಅಂದರು, ಪಾಪ ಮನಶ್ಶಾಸ್ತ್ರ ಓದಿದ. ಕೊನೆಗೆ ಗಣಿತಕ್ಕೇ ಬಂದು ಮೇಷ್ಟ್ರಾದ, ಗಣಿತವನ್ನು ಬ್ರೈಲಿನಲ್ಲಿ ಬರೆಯುವ ಪದ್ಧತಿಯನ್ನೇ ಕಟ್ಟಿದ. 1952ರಲ್ಲಿ ಅದು ಹೊರಬಂತು. ಎಲ್ಲರೂ ನೆಮೆತ್ ಆಗಬೇಕಿಲ್ಲ. ಸಂತಿಯಲ್ಲಿ ತೊಗರಿ ಮಾರಿ ಚಿಲ್ಲರೆ ಎಣಿಸಿಕೊಂಡರೂ ಸಾಕು.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇಕಡಾ 40ಕ್ಕೆ ಕಡಿಮೆ ಇಲ್ಲದ ವೈಕಲ್ಯ ಇರುವ ಮಕ್ಕಳಿಗೆ ಹದಿನೆಂಟು ವರ್ಷದವರೆಗೆ ಪುಸ್ತಕ, ಕಲಿಕೆಯ ಸಾಮಾನು ಪುಕ್ಕಟೆ ಕೊಡಬೇಕು ಅನ್ನುತ್ತದೆ. ಸಾಮಾನು ಬರುವ ತನಕ ಕಾಯುವ ಬದಲು ಶಾಲೆಯ ಗಣಿತ ಕಿಟ್ಟಿನ ಪೆಟ್ಟಿಗೆಯನ್ನೇ ಒಂದು ರಾತ್ರಿ ಮನೆಗೆ ತಂದೆ. ಹುಡುಗ ಎರಡು ವರ್ಷ ದೂರದ ಅಂಧರ ಶಾಲೆಯ ಹಾಸ್ಟೆಲ್ಲಿನಲ್ಲಿದ್ದು, ಅವ್ವನ ನೆನಪು ತಾಳಲಾರದೆ ವಾಪಸ್ ಬಂದವನು. ಬ್ರೈಲ್ ಅಂಕಿ ಬರುತ್ತಿದ್ದವು.

ಬ್ರೈಲ್ ಸ್ಲೇಟು, ಸ್ಟೈಲಸ್, ಪಾರದರ್ಶಕ ಅಂಟುಹಾಳೆ. ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ತಿರುಗಿಸಿದರೆ ಚುಕ್ಕಿ ಎದ್ದು ನಿಲ್ಲುತ್ತವೆ. ಹಾಳೆ ಪಾರದರ್ಶಕ ಇದ್ದರೆ ಉಳಿದ ಮಕ್ಕಳಿಗೆ ಕೆಳಗಿನ ಅಂಕಿಯೂ ಕಾಣುತ್ತದೆ. ಉಲ್ಟಾ ಹಿಡಿದರೆ ಚುಕ್ಕಿಗಳ ಜಾಗವೇ ಬದಲಾಗುತ್ತದೆ, ಹಂಗಾಗಿ ಪ್ರತಿ ಲೇಬಲ್ಲಿನ ಬಲಮೇಲ್ಮೂಲೆ ಕತ್ತರಿಸಿದೆ. ಭಿನ್ನರಾಶಿ ಪಟ್ಟಿಗೆ ಬಂದಾಗ ಪೇಚಾಟ ಶುರು. ಒಂದು ಬ್ರೈಲ್ ಅಕ್ಷರಕ್ಕೆ ಸುಮಾರು 6 ಮಿಲಿಮೀಟರ್ ಅಗಲ ಬೇಕು. ಹನ್ನೆರಡನೇ ಒಂದು ಅಂತ ಬರೆಯಲು ಅಂಕಿಸೂಚಕ, ಒಂದು, ಗೆರೆ, ಒಂದು, ಎರಡು: ಐದು ಅಕ್ಷರ, 3 ಸೆಂಟಿಮೀಟರ್. ತುಂಡೇ 2 ಸೆಂಟಿಮೀಟರ್! ಅದನ್ನು ಹಂಗೇ ಬಿಟ್ಟೆ.

ಬಿಟ್ಟ ಮೇಲೆ ಒಂದು ಅನುಮಾನ ಹೊಕ್ಕಿತು. ತುಂಡಿನ ಉದ್ದವೇ ಉತ್ತರ ಹೇಳುವಾಗ ಹೆಸರು ಯಾಕೆ ಬೇಕು? ಲೇಬಲ್ ಓದಿದವನು ಅಳೆಯೋದನ್ನು ಮರೆತರೆ? ಆದರೆ ಕಣ್ಣಿರುವ ಹುಡುಗನಿಗೆ ತುಂಡಿನ ಮೇಲೆ ಅಂಕಿ ಅಚ್ಚಾಗಿಯೇ ಇದೆಯಲ್ಲ. ಅವನು ಓದಿ ಕೆಡುತ್ತಾನೆ ಅಂತ ಯಾರೂ ಅದನ್ನು ಅಳಿಸಿಲ್ಲ. ಶುದ್ಧವಾಗಿ ಕಲಿಯುವ ಶಿಕ್ಷೆ ಇವನೊಬ್ಬನಿಗೇ ಯಾಕೆ? ಲೇಬಲ್ ಇರಲಿ ಅಂದುಕೊಂಡೆ.

ಮರುದಿನ ಅರ್ಧದ ಪಟ್ಟಿ ಕೊಟ್ಟು, "ಇದರಷ್ಟಾಗಾಕ ಆರನೇ ಒಂದು ಎಷ್ಟು ಬೇಕೋ?" ಅಂದೆ. ಬೆರಳಾಡಿಸಿ ಓದಿದ. ಮೂರು ತುಂಡು ಸಾಲಾಗಿ ಜೋಡಿಸಿದ, ಕೊನೆಯಲ್ಲಿ ಉಗುರು ಎಳೆದ.

"ಮೂರು. ಆದ್ರ ಸರಿ ಕೂಡವಲ್ದು ಸರ, ಕೂದಲಷ್ಟು ಹೆಚ್ಚಾಗ್ಯದ."

ನಾನು ಬಗ್ಗಿ ನೋಡಿದೆ, ಸರಿಯಾಗೇ ಕಂಡಿತು. "ಮೂರೇ ಕರೆಕ್ಟ್, ಬಿಡು" ಅಂದೆ. ಅವನು ಬಿಡಲಿಲ್ಲ. ಒಂದೊಂದೇ ತುಂಡಿನ ಅಂಚು ಸವರಿ, ನಡುವಿನದನ್ನು ನನ್ನ ಕೈಗಿಟ್ಟ. ನಾನು ಅಂಟಿಸಿದ ಹಾಳೆ ಒಂದು ಬದಿ ಹೊರಗೆ ಚಾಚಿಕೊಂಡಿತ್ತು. ಮಾಫಿ ಅಂದ ಮೇಷ್ಟ್ರು ಟೇಬಲ್ಲಿನ ಖಾನೆಯಿಂದ ಕತ್ತರಿ ತಂದುಕೊಟ್ಟರು.