ಎಳೆದರೆ ಜೊತೆಗೆ ಬರುವುದೇನು?

ಕಾಡು ಎಂಬುದೊಂದು ನಿಜವಾಗಿ ಇದೆಯೇ, ಇಲ್ಲ ಇರುವುದು ಮರಗಳು ಮಾತ್ರವೇ? ನ್ಯಾಯದರ್ಶನದವರಾದ ನೈಯಾಯಿಕರಿಗೂ ಬೌದ್ಧರಿಗೂ ಶತಮಾನಗಳ ಕಾಲ ನಡೆದ ಜಗಳದಲ್ಲಿ ಈ ಪ್ರಶ್ನೆಯೂ ಬಂದುಹೋಗುತ್ತದೆ. ಬಟ್ಟೆಯೆಂದರೆ ನೂಲುಗಳಷ್ಟೇ, ಅವುಗಳಾಚೆ ಬಟ್ಟೆ ಎಂಬ ಬೇರೊಂದು ವಸ್ತುವಿಲ್ಲ ಎಂದು ಬೌದ್ಧರು. ಇದೆ, ಅವಯವಗಳಲ್ಲೇ ನೆಲೆಸಿ ಅವುಗಳಿಗಿಂತ ಬೇರೆಯಾದ ಅವಯವಿ ಇದೆ ಎಂದು ನೈಯಾಯಿಕರು. ನ್ಯಾಯಸೂತ್ರದ ಎರಡನೆಯ ಅಧ್ಯಾಯ ಕೊಡುವ ಒಂದು ಪುರಾವೆಗೆ ಪಾಂಡಿತ್ಯವೇ ಬೇಕಿಲ್ಲ: ಒಂದು ತುದಿ ಹಿಡಿದು ಎಳೆದರೆ ಇಡೀ ವಸ್ತು ಬರುತ್ತದೆ. ಬರೀ ರಾಶಿಯಾಗಿದ್ದರೆ ಕೈಗೆ ಸಿಕ್ಕಿದ್ದಷ್ಟೇ ಬರಬೇಕಿತ್ತು. ಸೈನ್ಯ, ಕಾಡು ಕೂಡ ದೂರದಿಂದ ಒಂದೇ ಆಗಿ ಕಾಣುತ್ತವಲ್ಲ ಎಂದು ಎದುರಾಳಿ ಕೆಣಕಿದಾಗ ನೈಯಾಯಿಕರು ಕಾಡಿನ ಪರ ವಾದಿಸುವುದಿಲ್ಲ. ಹತ್ತಿರ ಹೋದರೆ ಅಲ್ಲಿರುವುದು ಬಿಡಿ ಬಿಡಿ ಮರಗಳೇ ಎಂದು ಒಪ್ಪಿ, ಮುಂದಿನ ಮಾತಿಗೆ ಹೋಗುತ್ತಾರೆ.

ಕಾಡನ್ನು ಅಷ್ಟು ಬೇಗ ಬಿಟ್ಟುಕೊಡಬಾರದಿತ್ತೇನೋ. ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಚಳಿಯ ಕಡಲುಗಳ ತಳವನ್ನು ಕೆದಕಿದವರು ಗೊತ್ತಿಲ್ಲದೆಯೇ ಇದೇ ಜಗಳವನ್ನು ಮತ್ತೆ ಎತ್ತಿಕೊಂಡಿದ್ದಾರೆ.

ಡೆನ್ಮಾರ್ಕಿನ ಸಿ. ಜಿ. ಯೊಹಾನೆಸ್ ಪೀಟರ್ಸನ್ 1910ರ ದಶಕದಲ್ಲಿ ದವಡೆಯಂತೆ ಮುಚ್ಚಿಕೊಳ್ಳುವ ಕಬ್ಬಿಣದ ಸಲಕರಣೆಯೊಂದನ್ನು ಹಗ್ಗದಲ್ಲಿ ಇಳಿಬಿಟ್ಟು ಕಡಲತಳದ ಕೆಸರನ್ನು ಕಚ್ಚಿ ಮೇಲೆತ್ತುತ್ತಿದ್ದರು. ಸೋಸಿದಾಗ ಉಳಿದ ಚಿಪ್ಪು, ಹುಳು, ಮುಳ್ಳುಜೀವಿಗಳನ್ನು ಎಣಿಸಿ ತೂಗುವುದು ಕೆಲಸ. ಮೀನುಗಳಿಗೆ ತಳದಲ್ಲಿ ಮೇವೆಷ್ಟಿದೆ ಎಂಬುದು ಅವರ ಮೂಲ ಪ್ರಶ್ನೆ, ತತ್ತ್ವಶಾಸ್ತ್ರವಲ್ಲ. ಆದರೆ ಒಂದೊಂದು ಆಳಕ್ಕೆ, ಒಂದೊಂದು ಬಗೆಯ ಕೆಸರಿಗೆ ಅದದೇ ಜೀವಿಗಳ ಗುಂಪು ಮತ್ತೆ ಮತ್ತೆ ಸಿಕ್ಕಿತು. ಹೆಚ್ಚಾಗಿ ಸಿಕ್ಕ ಪ್ರಾಣಿಯ ಹೆಸರನ್ನೇ ಆ ಸಮುದಾಯಕ್ಕೆ ಇಟ್ಟರು. ಬೌದ್ಧ ತಾರ್ಕಿಕನೊಬ್ಬ ಆ ದೋಣಿಯಲ್ಲಿದ್ದಿದ್ದರೆ ನಕ್ಕು ಹೇಳುತ್ತಿದ್ದ: ಮರಳು ಹಿಡಿಸಿದವು ಮರಳಿಗೆ ಬಂದವು, ಕೆಸರು ಹಿಡಿಸಿದವು ಕೆಸರಿಗೆ; ಸಮುದಾಯವೆಂಬುದು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದೆ. ನೆಲದ ಸಸ್ಯಗಳ ವಿಷಯದಲ್ಲಿ ಅಮೆರಿಕದ ಹೆನ್ರಿ ಗ್ಲೀಸನ್ 1926ರಲ್ಲಿ ಹೆಚ್ಚುಕಡಿಮೆ ಇದನ್ನೇ ವಾದಿಸಿದರು. ಅವರ ಎದುರಾಳಿ ಫ್ರೆಡರಿಕ್ ಕ್ಲೆಮೆಂಟ್ಸ್ ಪಾಲಿಗೆ ಸಸ್ಯಸಮುದಾಯ ಹುಟ್ಟಿ, ಬೆಳೆದು, ಪ್ರೌಢವಾಗುವ ಒಂದು ಜೀವಿಯೇ ಆಗಿತ್ತು.

ಎಣಿಸುವುದರಿಂದ ಈ ಜಗಳ ತೀರುವುದಿಲ್ಲ. ಎಳೆದೇ ನೋಡಬೇಕು.

1963ರಲ್ಲಿ ರಾಬರ್ಟ್ ಪೇನ್ ಎಳೆದು ನೋಡಿದರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಕ್ಕಾ ಕೊಲ್ಲಿಯಲ್ಲಿ, ಅಲೆಯ ಹೊಡೆತಕ್ಕೆ ಸಿಗುವ ಬಂಡೆಯ ಒಂದು ಪಟ್ಟಿಯಿಂದ ನಕ್ಷತ್ರಮೀನುಗಳನ್ನು ಕಿತ್ತು ಕಿತ್ತು ನೀರಿಗೆ ಎಸೆದರು. ಬೇರೇನನ್ನೂ ಮುಟ್ಟಲಿಲ್ಲ. ಅಲ್ಲಿದ್ದ 15 ಬಗೆಯ ಜೀವಿಗಳು ಕೆಲ ಕಾಲದಲ್ಲೇ 8ಕ್ಕೆ ಇಳಿದವು. ನಕ್ಷತ್ರಮೀನು ತಿನ್ನುತ್ತಿದ್ದ ಮಸ್ಸೆಲ್ ಚಿಪ್ಪುಗಳು ಬಂಡೆಯನ್ನೆಲ್ಲ ಆಕ್ರಮಿಸಿ ಉಳಿದವನ್ನು ಹೊರದಬ್ಬಿದ್ದವು. ಒಂದು ತುದಿ ಎಳೆದದ್ದಕ್ಕೆ ಅರ್ಧ ಬಟ್ಟೆಯೇ ಕೈಗೆ ಬಂದಿತ್ತು.

ಇದಕ್ಕಿಂತ ದೊಡ್ಡ ಎಳೆತ ಯಾವ ವಿಜ್ಞಾನಿಯ ಅಪ್ಪಣೆಯೂ ಇಲ್ಲದೆ ಮೊದಲೇ ನಡೆದುಹೋಗಿತ್ತು. ಅಲಾಸ್ಕದಿಂದ ಪಶ್ಚಿಮಕ್ಕೆ ಚಾಚಿದ ಅಲ್ಯೂಷಿಯನ್ ದ್ವೀಪಗಳ ಸುತ್ತಲಿನ ಕಡಲಿನಲ್ಲಿ ಒಂದು ಬಗೆಯ ನೀರುನಾಯಿ ಬದುಕುತ್ತದೆ. ತಿಮಿಂಗಿಲ, ಸೀಲ್‌ಗಳಿಗೆ ಇರುವ ಕೊಬ್ಬಿನ ಹೊದಿಕೆ ಇದಕ್ಕಿಲ್ಲ. ಆ ಚಳಿಯನ್ನು ತಡೆಯಲು ಇರುವುದು ಎರಡೇ ಉಪಾಯ: ಅತಿ ದಟ್ಟವಾದ ತುಪ್ಪಳ, ಮತ್ತು ದಿನಕ್ಕೆ ಮೈತೂಕದ ಸುಮಾರು ಕಾಲುಭಾಗದಷ್ಟು ಊಟ. ಮೊದಲನೆಯದು ಮಾರುಕಟ್ಟೆಯ ಕಣ್ಣಿಗೆ ಬಿತ್ತು. ರಷ್ಯಾ ಕಳಿಸಿದ್ದ ಬೇರಿಂಗ್‌ನ 1741ರ ಯಾನದ ಬೆನ್ನಿಗೆ ತುಪ್ಪಳದ ವ್ಯಾಪಾರಿಗಳು ಬಂದರು. 1911ರ ಅಂತರರಾಷ್ಟ್ರೀಯ ಒಪ್ಪಂದ ಬೇಟೆಯನ್ನು ತಡೆಯುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗುಂಪು ಉಳಿದಿತ್ತು. ಆಮ್ಚಿಟ್ಕಾ ದ್ವೀಪದ ಸುತ್ತ ನೀರುನಾಯಿಗಳು ಮತ್ತೆ ತುಂಬಿಕೊಂಡವು. ಪಶ್ಚಿಮಕ್ಕಿರುವ ಷೆಮ್ಯಾ ದ್ವೀಪವನ್ನು ಅವು ಇನ್ನೂ ತಲುಪಿರಲಿಲ್ಲ.

ಜೇಮ್ಸ್ ಎಸ್ಟೆಸ್ ಮತ್ತು ಜಾನ್ ಪಾಲ್ಮಿಸಾನೊ ಎರಡೂ ಕಡೆ ನೀರಿಗಿಳಿದರು. (ಆಮ್ಚಿಟ್ಕಾದಲ್ಲಿ ಸಂಶೋಧನೆಗೆ ಹಣ ಬಂದದ್ದು ಅಮೆರಿಕ ಅಲ್ಲಿ ಪರಮಾಣು ಬಾಂಬು ಪರೀಕ್ಷಿಸುತ್ತಿದ್ದ ಕಾರಣಕ್ಕೆ, ಜ್ಞಾನ ಯಾವ ಬಾಗಿಲಿಂದ ಬರುತ್ತದೆಂದು ಹೇಳಲಾಗದು.) ನೀರುನಾಯಿ ಇದ್ದಲ್ಲಿ ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ದಟ್ಟ ಕಾಡು. ಇಲ್ಲದಲ್ಲಿ ಬಂಡೆಯ ಮೇಲೆ ಒಂದಕ್ಕೊಂದು ತಾಗಿಕೊಂಡ ಸೀ ಅರ್ಚಿನ್‌ಗಳ ಹಾಸು. ಮುಳ್ಳುಚೆಂಡಿನಂಥ ಈ ಪ್ರಾಣಿ ಚಿಗುರಿದ ಪಾಚಿಯನ್ನೆಲ್ಲ ಮೇಯುತ್ತದೆ, ನೀರುನಾಯಿ ಅದನ್ನು ತಿನ್ನುತ್ತದೆ. 1974ರಲ್ಲಿ ಪ್ರಕಟವಾದ ಈ ಹೋಲಿಕೆ ಪಠ್ಯಪುಸ್ತಕ ಸೇರಿತು, ಆಮೇಲೆ ಭಾಷಣಗಳನ್ನೂ ಸೇರಿತು. ಪ್ರಕೃತಿಯಲ್ಲಿ ಸಮತೋಲನವಿದೆ, ಪ್ರತಿ ಜೀವಿಗೂ ಒಂದು ನೇಮಿತ ಸ್ಥಾನವಿದೆ, ಅಂದಮೇಲೆ ನೇಮಿಸಿದವನೂ ಇದ್ದಾನೆ ಎಂಬಲ್ಲಿಯವರೆಗೆ ಕೆಲವರು ಇದನ್ನು ಎಳೆದೊಯ್ದಿದ್ದಾರೆ.

ಎಳೆತದಿಂದ ಇಷ್ಟು ದೂರ ಜಿಗಿಯುವುದಕ್ಕೆ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನೇ ಅಡ್ಡ ನಿಲ್ಲುತ್ತಾನೆ. ತನ್ನದೇ ಪಕ್ಷದ ಪುರಾವೆ ಅವನಿಗೆ ಸಾಲದು. ಹುಲ್ಲು, ಕಲ್ಲು, ಕಟ್ಟಿಗೆಗಳನ್ನು ಅರಗಿನಿಂದ ಅಂಟಿಸಿದರೆ ಒಂದನ್ನು ಎಳೆದಾಗ ಎಲ್ಲವೂ ಬರುತ್ತವೆ. ಹಾಗಂತ ಅವು ಸೇರಿ ಒಂದು ಹೊಸ ವಸ್ತುವಾದವು ಎನ್ನಲಾಗುತ್ತದೆಯೇ? ಎಳೆತ ತೋರಿಸುವುದು ಅಂಟನ್ನು, ಅವಯವಿಯನ್ನಲ್ಲ. ಕಡಲತಳಕ್ಕೆ ಇದಕ್ಕಿಂತ ಹೊಂದುವ ಮಾತು ಸಿಗುವುದು ಕಷ್ಟ. ಅಲ್ಲಿರುವುದು ಬಿಡಿ ರಾಶಿಯೂ ಅಲ್ಲ, ಕ್ಲೆಮೆಂಟ್ಸ್ ಕಂಡ ಜೀವಿಯೂ ಅಲ್ಲ. ಯಾವ ಊರಿನಲ್ಲಿ ಯಾವ ಅರಗು ಎಂದಷ್ಟೇ ಕೇಳಬಹುದು. ಚಿಲಿಯ ದಕ್ಷಿಣ ತುದಿಯ ತಣ್ಣೀರಿನಲ್ಲೂ ಕೆಲ್ಪ್ ಕಾಡಿದೆ, ಅರ್ಚಿನ್‌ಗಳೂ ಇವೆ. ಅಲ್ಲಿ ಅರ್ಚಿನ್‌ಗಳನ್ನು ತೆಗೆದುಹಾಕಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಂಟಾರ್ಕ್ಟಿಕಾದ ಮ್ಯಾಕ್‌ಮುರ್ಡೊ ಕೊಲ್ಲಿಯಲ್ಲಿ ನೀರು ಸುಮಾರು ಮೈನಸ್ 1.9 ಡಿಗ್ರಿ. ಪಾಲ್ ಡೇಟನ್ 1960ರ ದಶಕದಲ್ಲಿ ಅಲ್ಲಿ ಹಿಮದ ಹಲಗೆಗೆ ತೂತು ಕೊರೆದು ಮುಳುಗಲು ಶುರುಮಾಡಿದರು. ಸುಮಾರು 33 ಮೀಟರ್ ಆಳದವರೆಗೆ ನೀರಿನಡಿಯ ನೆಲದ ಮೇಲೇ ಹಿಮದ ಹರಳುಗಳು ಕಟ್ಟುತ್ತವೆ. ಹಿಮ ನೀರಿಗಿಂತ ಹಗುರ. ಹೆಪ್ಪು ದೊಡ್ಡದಾದಾಗ ತಳಕ್ಕೆ ಅಂಟಿಕೊಂಡ ಜೀವಿಗಳನ್ನು ಕಿತ್ತುಕೊಂಡೇ ಮೇಲೇಳುತ್ತದೆ. ಹಾಗಾಗಿ ದಡದ ಹತ್ತಿರ ನೆಲ ಬೋಳು, ನಡುವೆ ಹೂವಿನಂಥ ಅನಿಮೊನಿಗಳು, 33 ಮೀಟರಿನ ಕೆಳಗೆ ಸ್ಪಂಜುಗಳ ರಾಜ್ಯ.

ಹಿಮ ಮುಟ್ಟದ ಆ ಆಳದಲ್ಲಿ ಬೇರೆಯೇ ಕಟ್ಟು. ಬೇಗ ಬೆಳೆಯುವ ಸ್ಪಂಜೊಂದು ಜಾಗವನ್ನೆಲ್ಲ ನುಂಗದಂತೆ ಒಂದು ನಕ್ಷತ್ರಮೀನು ಅದನ್ನು ಮೇಯುತ್ತದೆ. ನಿಧಾನ ಬೆಳೆಯುವ ಸ್ಪಂಜುಗಳನ್ನು ತಿನ್ನುವ ಇನ್ನೊಂದು ದೊಡ್ಡ ನಕ್ಷತ್ರಮೀನು ಹೆಚ್ಚಾಗದಂತೆ ಮೂರನೆಯದೊಂದು, ಗಾತ್ರದಲ್ಲಿ ಚಿಕ್ಕದು, ಅದರ ಮರಿಗಳನ್ನು ಮುಗಿಸುತ್ತದೆ. ದೊಡ್ಡದನ್ನೂ ಬಿಡುವುದಿಲ್ಲ. ಒಂದು ಹತ್ತಿ, ಹೊಟ್ಟೆಯನ್ನು ಹೊರಚಾಚಿ ಅದರ ತೋಳಿಗೆ ಅಂಟಿಸಿ ಕರಗಿಸತೊಡಗುತ್ತದೆ; ಮೈರಸ ಸೋರಿದೊಡನೆ ಸುತ್ತಲಿನವೆಲ್ಲ ಬಂದು ಮುತ್ತುತ್ತವೆ. ಹಿಡಿದೆಳೆಯುವ ವಾದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೇ?

ಬೇಕಿತ್ತೆಂದು ಆಮೇಲೆ ತಿಳಿಯಿತು. 1967ರಿಂದ 1975ರ ನಡುವೆ ಡೇಟನ್ ಮತ್ತು ಜೊತೆಗಾರರು ಅಲ್ಲಿ ಕೃತಕ ಆಸರೆಗಳನ್ನು ಇಳಿಬಿಟ್ಟಿದ್ದರು. ಅಂಟಾರ್ಕ್ಟಿಕಾದ ಅತಿ ದೊಡ್ಡ ಸ್ಪಂಜು, ಎರಡು ಮೀಟರಿಗೂ ಎತ್ತರ ಬೆಳೆಯುವಂಥದ್ದು, 22 ವರ್ಷ ಅವುಗಳ ಮೇಲೆ ಒಂದೂ ಕೂರಲಿಲ್ಲ. ಶತಮಾನಗಟ್ಟಲೆ ಬಾಳುವ ಜೀವಿ, ಅದಕ್ಕೇನು ಅವಸರ ಎಂದುಕೊಳ್ಳಬಹುದಿತ್ತು. 2004 ಮತ್ತು 2010ರಲ್ಲಿ ನೋಡಿದಾಗ ಕೆಲವು ಆಸರೆಗಳ ಮೇಲೆ ಅದೇ ಸ್ಪಂಜು ಕೂತು ಭಾರಿಯಾಗಿ ಬೆಳೆದಿತ್ತು. ಆದರೆ 40 ವರ್ಷ ಕಣ್ಣಿಟ್ಟಿದ್ದ ದೊಡ್ಡ ಸ್ಪಂಜುಗಳಲ್ಲಿ ಬಹುತೇಕ ಎಲ್ಲವೂ ಸತ್ತಿದ್ದವು. ಹೊಸ ಬೆಳೆಗೂ, ದೈತ್ಯ ಹಿಮಬಂಡೆಯೊಂದು ಕಳಚಿ ಆ ಭಾಗದ ನೀರಿನ ಸೂಕ್ಷ್ಮಸಸ್ಯಗಳ ಲೆಕ್ಕ ಏರುಪೇರಾದದ್ದಕ್ಕೂ ಕಾಲ ಹೊಂದುತ್ತದೆ. ನಕ್ಷತ್ರಮೀನುಗಳ ಕಥೆ ಸುಳ್ಳಾಗಲಿಲ್ಲ. ಅದು ಒಂದಿಷ್ಟು ದಶಕಗಳ ನಿಜ ಎಂಬುದು ಹೊರಬಿತ್ತು, ಅಷ್ಟೇ.

ಹೀಗಿರುವಾಗ 'ಮೊದಲಿದ್ದ ಸ್ಥಿತಿಗೆ' ಕಡಲನ್ನು ಮರಳಿಸುವುದು ಎಂದರೇನು? ಆಮ್ಚಿಟ್ಕಾದ ಹಳೆಯ ತಿಪ್ಪೆಗಳ ಆಧಾರದ ಮೇಲೆ ಎಸ್ಟೆಸ್ ಇದ್ದ ತಂಡವೊಂದು 1978ರಲ್ಲಿ ಬರೆದದ್ದು ಇಲ್ಲಿ ತೊಡಕು ತರುತ್ತದೆ. ತುಪ್ಪಳದ ವ್ಯಾಪಾರಿಗಳಿಗಿಂತ ಬಹಳ ಮುಂಚೆಯೇ ಆ ದ್ವೀಪಗಳ ಮೂಲನಿವಾಸಿಗಳಾದ ಅಲ್ಯೂಟ್ ಜನರು ನೀರುನಾಯಿಯನ್ನು ಬೇಟೆಯಾಡುತ್ತಿದ್ದರು, ಅದರಿಂದ ಹತ್ತಿರದ ನೀರಿನಲ್ಲಿ ಕೆಲ್ಪ್ ಸ್ಥಿತಿಗೂ ಅರ್ಚಿನ್ ಸ್ಥಿತಿಗೂ ಅದಲುಬದಲು ಆಗುತ್ತಿತ್ತು ಎಂಬುದು ಆ ಎಲುಬು, ಚಿಪ್ಪಿನ ಪದರಗಳಿಂದ ಅವರು ತೆಗೆದ ತೀರ್ಮಾನ. ಮನುಷ್ಯನೂ ಅದೇ ಅರಗಿನಲ್ಲಿ ಅಂಟಿಕೊಂಡವನು.

ಕೆನಡಾದ ವ್ಯಾಂಕೂವರ್ ದ್ವೀಪದ ಕರಾವಳಿಗೆ 1969ರಿಂದ 1972ರವರೆಗೆ 89 ನೀರುನಾಯಿಗಳನ್ನು ಅಲಾಸ್ಕದಿಂದ ತಂದು ಬಿಟ್ಟರು, ಕೆಲವು ಆಮ್ಚಿಟ್ಕಾದವೇ. ಅವು ಹೆಚ್ಚಿದವು, ಕೆಲ್ಪ್ ಕಾಡು ಮರಳಿತು. ಅದೇ ದಡದ ನೂ-ಚಾ-ನುಲ್ತ್ ಜನರು ತಲೆಮಾರುಗಳಿಂದ ಹೆಕ್ಕಿ ತಿನ್ನುತ್ತಿದ್ದ ಅರ್ಚಿನ್, ಅಬಲೋನಿ, ಚಿಪ್ಪುಗಳು ಕಡಿಮೆಯಾದವು. ಕಾಡು ಬಂತೆಂದು ಸಂಭ್ರಮಿಸಿದವರೂ, ಊಟ ಹೋಯಿತೆಂದು ತಕರಾರು ತೆಗೆದವರೂ ನೋಡುತ್ತಿದ್ದುದು ಒಂದೇ ತಳವನ್ನು. ನೀರುನಾಯಿಗಳನ್ನು ಎಲ್ಲಿ ಬಿಡಬೇಕು, ಎಲ್ಲಿಂದ ದೂರವಿಡಬೇಕು ಎಂಬ ಚರ್ಚೆ ಆ ಕರಾವಳಿಯಲ್ಲಿ ಇನ್ನೂ ಮುಗಿದಿಲ್ಲ.