ಯಾವುದು ಮೊದಲು, ಯಾವುದು ಆಮೇಲೆ?

ಕಳೆದ ಚಳಿಗಾಲದ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ವಿವಾದ ಎದ್ದಿತು. ಆರನೆಯ ತರಗತಿಯಲ್ಲಿ ಓದುತ್ತಿರುವ ಮಗ ‘ಸ್ಟಾರ್ ವಾರ್ಸ್’ ಚಿತ್ರಗಳನ್ನೆಲ್ಲ ನೋಡಬೇಕೆಂದು ಹಟ ಹಿಡಿದ. ದೆಹಲಿಯ ಮಂಜಿನಲ್ಲಿ ಮಕ್ಕಳನ್ನು ಹೊರಗೆ ಆಡಲು ಬಿಡುವಂತಿಲ್ಲ. ಚಿತ್ರಗಳೋ ಮನೆಯ ಟಿ.ವಿ.ಯಲ್ಲೇ ಸಿಗುತ್ತವೆ. ಆಗಲಿ ಎಂದೆ. ಆದರೆ ಯಾವುದರಿಂದ ಆರಂಭಿಸುವುದು? “ಒಂದಾದ ಮೇಲೆ ಎರಡು. ಇದಕ್ಕೂ ಇಷ್ಟು ಚರ್ಚೆಯೇ?” ಎಂದು ನನ್ನಾಕೆ ಅಡಿಗೆಮನೆಯಿಂದಲೇ ತೀರ್ಪು ಕೊಟ್ಟಳು.

ವಿಷಯ ಅಷ್ಟು ಸುಲಭವಲ್ಲ. ಈ ಮಾಲೆಯಲ್ಲಿ ಮೊದಲು ಬಂದದ್ದು ನಾಲ್ಕನೆಯ ಭಾಗ! ಅಮೆರಿಕದ ಜಾರ್ಜ್ ಲ್ಯೂಕಾಸ್ ೧೯೭೭ರಲ್ಲಿ ತೆಗೆದ ಚಿತ್ರಕ್ಕೆ ಆಗ ಯಾವ ಸಂಖ್ಯೆಯೂ ಇರಲಿಲ್ಲ. ೧೯೮೧ರಲ್ಲಿ ಅದನ್ನು ಮತ್ತೆ ಬಿಡುಗಡೆ ಮಾಡಿದಾಗ ‘ನಾಲ್ಕನೆಯ ಅಧ್ಯಾಯ’ ಎಂದು ಸೇರಿಸಿದರು. ಐದು ಮತ್ತು ಆರನೆಯ ಭಾಗಗಳು ೧೯೮೦ ಮತ್ತು ೧೯೮೩ರಲ್ಲಿ ಬಂದವು. ಹದಿನಾರು ವರ್ಷ ಕಳೆದ ಮೇಲೆ, ೧೯೯೯ರಿಂದ ೨೦೦೫ರ ಒಳಗೆ, ಒಂದು, ಎರಡು, ಮೂರು ಬಂದವು. ಏಳು, ಎಂಟು, ಒಂಬತ್ತು ಬಂದದ್ದು ೨೦೧೫ರಿಂದ ೨೦೧೯ರವರೆಗೆ. ನಡುವೆ ಉಪಕಥೆಗಳ ಚಿತ್ರಗಳೂ ಎರಡಿವೆ. ಅವನ್ನು ಸದ್ಯಕ್ಕೆ ಬದಿಗಿಡೋಣ.

ನಮ್ಮ ವಿಭಾಗದಲ್ಲಿ ಚಹದ ಹೊತ್ತಿಗೆ ಈ ಪ್ರಶ್ನೆಯನ್ನು ಎತ್ತಿದ್ದೇ ತಪ್ಪಾಯಿತು. ಮೂವರು ಸಹೋದ್ಯೋಗಿಗಳು ಮೂರು ಕ್ರಮ ಹೇಳಿದರು. ಒಬ್ಬರು ಬಿಡುಗಡೆಯ ಕ್ರಮ ಎಂದರು. ಇನ್ನೊಬ್ಬರು ಸಂಖ್ಯೆಯ ಕ್ರಮ ಎಂದರು. ಲ್ಯೂಕಾಸ್ ಅವರ ಸಲಹೆಯೂ ಇದೇ. ಈಚೆಗೆ ಸೇರಿದ ತರುಣನೊಬ್ಬ ೨೦೧೧ರಲ್ಲಿ ಅಮೆರಿಕದ ಅಭಿಮಾನಿಯೊಬ್ಬ ಸೂಚಿಸಿದ ಕ್ರಮವನ್ನು ಹೇಳಿದ: ನಾಲ್ಕು, ಐದು, ಆಮೇಲೆ ಹಿಂದಕ್ಕೆ ಹೋಗಿ ಎರಡು, ಮೂರು, ಕೊನೆಗೆ ಆರು. ಒಂದನೆಯದನ್ನು ನೋಡಲೇಬಾರದಂತೆ! ಹರಿಕಥೆಯ ದಾಸರು ಕಥೆ ಬಿಗಿಯಾದ ಕಡೆ ನಿಲ್ಲಿಸಿ, ಚಿಟಿಕೆ ಹಾಕಿ, ಉಪಕಥೆಯೊಂದನ್ನು ಹೇಳಿ ಮತ್ತೆ ಅಲ್ಲಿಗೇ ಬರುತ್ತಾರಲ್ಲ, ಇದೂ ಹಾಗೆಯೇ.

ನಮ್ಮ ಕಚೇರಿಯ ಕಡತಗಳ ಹಣೆಬರಹವೂ ಇದೇ. ವರ್ಗವಾಗಿ ಬಂದ ಹೊಸ ಗುಮಾಸ್ತ ಕಡತವನ್ನು ಮೊದಲ ಪುಟದಿಂದ ಓದುತ್ತಾನೆ. ಅಧಿಕಾರಿ ಕೊನೆಯ ಟಿಪ್ಪಣಿಯಿಂದ ಹಿಂದಕ್ಕೆ ಓದುತ್ತಾರೆ. ಕಡತ ಒಂದೇ, ಆದರೆ ಇಬ್ಬರಿಗೂ ತಪ್ಪಿತಸ್ಥ ಒಬ್ಬನೇ ಆಗಿ ಕಾಣಬೇಕೆಂದೇನೂ ಇಲ್ಲ.

ಇನ್ನು ಮುಂದೆ ಕಥೆಯ ಗುಟ್ಟನ್ನು ಹೇಳದೆ ಗತ್ಯಂತರವಿಲ್ಲ. ಚಿತ್ರಗಳನ್ನು ನೋಡದೆ, ನೋಡುವ ಆಸೆ ಇಟ್ಟುಕೊಂಡಿರುವ ವಾಚಕರು ಪುಟ ತಿರುಗಿಸಿ ಅಡಿಗೆಯ ವಿಭಾಗಕ್ಕೆ ಹೋಗಬಹುದು; ನಾನು ಬೇಸರಪಡುವುದಿಲ್ಲ.

ಲ್ಯೂಕ್ ಎಂಬ ಹಳ್ಳಿಯ ಹುಡುಗ, ಚಿಕ್ಕಪ್ಪ ಚಿಕ್ಕಮ್ಮಂದಿರ ಆಶ್ರಯದಲ್ಲಿ ಬೆಳೆದವನು. ತಂದೆಯನ್ನು ಕಂಡವನಲ್ಲ. ಓಬಿ-ವಾನ್ ಎಂಬ ಮುದಿ ಯೋಧ ಅವನಿಗೆ, ನಿನ್ನ ತಂದೆ ಮಹಾವೀರನಾಗಿದ್ದ, ಡಾರ್ತ್ ವೇಡರ್ ಎಂಬ ದುಷ್ಟ ಅವನನ್ನು ಕೊಂದ ಎಂದು ಹೇಳುತ್ತಾನೆ. ಹುಡುಗ ಕತ್ತಿ ಕಲಿಯುತ್ತಾನೆ. ೧೯೮೦ರ ಚಿತ್ರದಲ್ಲಿ ಆ ವೇಡರನ ಎದುರು ನಿಂತು, ಕೈಯೊಂದನ್ನು ಕಳೆದುಕೊಂಡು, ಪಾತಾಳದ ಅಂಚಿನಲ್ಲಿ ಜೋತಾಡುತ್ತಿರುವಾಗ ಅವನಿಗೆ ತಿಳಿಯುತ್ತದೆ: ಆ ಕಪ್ಪು ಮುಖವಾಡದವನೇ ತನ್ನ ತಂದೆ.

ಈ ಒಂದು ಮಾತನ್ನು ಕಾಪಾಡಲು ಚಿತ್ರ ತೆಗೆದವರು ಪಟ್ಟ ಪಾಡು ಅಷ್ಟಿಷ್ಟಲ್ಲ. ವೇಡರನ ವೇಷದೊಳಗಿದ್ದ ಡೇವಿಡ್ ಪ್ರೌಸ್ ಅವರಿಗೆ ಬೇರೆಯೇ ಮಾತನ್ನು ಬರೆದು ಕೊಟ್ಟಿದ್ದರು: ಕೊಂದವನು ಓಬಿ-ವಾನ್ ಎಂದು. ಲ್ಯೂಕನ ಪಾತ್ರಧಾರಿ ಮಾರ್ಕ್ ಹ್ಯಾಮಿಲ್ ಅವರಿಗೆ ನಿಜವನ್ನು ತಿಳಿಸಿದ್ದು ಚಿತ್ರೀಕರಣಕ್ಕೆ ತುಸು ಮುಂಚೆ. ನಿಜವಾದ ಮಾತನ್ನು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಅವರ ಧ್ವನಿಯಲ್ಲಿ ಸೇರಿಸಿದರು. ಮುಖವಾಡವೊಂದು ಇದ್ದುದರಿಂದ ಇದೆಲ್ಲ ಸಾಧ್ಯವಾಯಿತು.

ಈಗ ನೋಡಿ, ಬಿಡುಗಡೆಯ ಕ್ರಮದಲ್ಲಿ ನೋಡಿದವನು ಲ್ಯೂಕನ ಜೊತೆಯಲ್ಲೇ ಮೋಸಹೋಗಿ, ಅವನ ಜೊತೆಯಲ್ಲೇ ಬೆಚ್ಚುತ್ತಾನೆ. ಸಂಖ್ಯೆಯ ಕ್ರಮದಲ್ಲಿ ನೋಡಿದವನು ಮೂರನೆಯ ಭಾಗದಲ್ಲೇ ಅನಾಕಿನ್ ಎಂಬ ತರುಣ ಕೆಟ್ಟು ವೇಡರನಾಗುವುದನ್ನೂ, ಅವನ ಅವಳಿ ಮಕ್ಕಳನ್ನು ಬೇರೆ ಬೇರೆ ಮನೆಗಳಿಗೆ ಒಪ್ಪಿಸುವುದನ್ನೂ ಕಂಡಿರುತ್ತಾನೆ. ಮುದುಕ ಹುಡುಗನಿಗೆ ಸುಳ್ಳು ಹೇಳುವಾಗ ಅವನಿಗೆ ಅದು ಸುಳ್ಳೆಂದು ಗೊತ್ತು. ಒಬ್ಬನಿಗೆ ಸಿಗುವುದು ಬೆರಗು, ಇನ್ನೊಬ್ಬನಿಗೆ ಮರುಕ.

ಮರುಕದ ಕ್ರಮ ನಮಗೆ ಹೊಸದಲ್ಲ. ಮಲೆನಾಡಿನಲ್ಲಿ ನಾವು ಮಕ್ಕಳಾಗಿದ್ದಾಗ ಕಂಬಳಿ ಹೊದ್ದು ರಾತ್ರಿಯಿಡೀ ಕರ್ಣಾರ್ಜುನರ ಕಾಳಗದ ಆಟ ನೋಡುತ್ತಿದ್ದೆವು. ಕರ್ಣ ಕುಂತಿಯ ಮಗನೆಂಬುದು ಚೌಕಿಯ ಬಳಿ ಕಡಲೆ ಮಾರುವವನಿಗೂ ಗೊತ್ತು. ಗೊತ್ತಿದ್ದುದರಿಂದಲೇ ಕರ್ಣನ ರಥದ ಗಾಲಿ ಹೂತಾಗ ನಮ್ಮ ಗಂಟಲು ಕಟ್ಟುತ್ತಿತ್ತು. ಸಭೆಗೆಲ್ಲ ತಿಳಿದಿರುವುದು ಬಾಣ ಹೂಡಿ ನಿಂತ ಅರ್ಜುನನೊಬ್ಬನಿಗೆ ತಿಳಿದಿಲ್ಲ. ಹೀಗಾಗಿ ನಮ್ಮವರು ಸಂಖ್ಯೆಯ ಕ್ರಮದ ಪಕ್ಷವೆಂದೇ ನಾನು ಬಹುಕಾಲ ನಂಬಿದ್ದೆ.

ಆದರೆ ಮಗನಿಗಾಗಿ ಕ್ರಮವನ್ನು ಗೊತ್ತುಮಾಡಲು ಕುಳಿತಾಗ ನನ್ನನ್ನು ಕಾಡಿದ ಪ್ರಶ್ನೆ ರುಚಿಯದಲ್ಲ. ಒಬ್ಬನಿಗೆ ತಿಳಿದ ಸತ್ಯವನ್ನು ಇನ್ನೊಬ್ಬನಿಗೆ ಯಾವಾಗ ತಿಳಿಸಬೇಕೆಂದು ಗೊತ್ತುಮಾಡುವ ಅಧಿಕಾರ ಯಾರದು? ಸಣ್ಣ ವಿಷಯಕ್ಕೆ ದೊಡ್ಡ ಪ್ರಶ್ನೆಯೇ ಎಂದು ವಾಚಕರು ನಗಬಾರದು. ನನಗೆ ಇದರಲ್ಲಿ ಸ್ವಂತ ಅನುಭವವಿದೆ. ಊರು ಬಿಟ್ಟು ದೂರದಲ್ಲಿರುವ ನಮ್ಮಂಥವರಲ್ಲಿ ಅನೇಕರಿಗೆ ಇದ್ದೀತು.

೨೦೦೬ನೆಯ ಇಸವಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಂದು ಗುರುವಾರ ಬೆಳಿಗ್ಗೆ ಅಣ್ಣನ ಫೋನು ಬಂತು. “ಅಪ್ಪಯ್ಯಂಗೆ ಸ್ವಲ್ಪ ಹುಷಾರಿಲ್ಲ ಮಾರಾಯ. ಒಂದ್ಸಲ ಬಂದು ಹೋಗು. ಆದಷ್ಟು ಬೇಗ ಬಾ.” ದನಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ರಜೆ ಬರೆದುಕೊಟ್ಟು, ತುರ್ತು ಕೋಟಾದಲ್ಲಿ ಒಂದು ಬರ್ತು ಗಿಟ್ಟಿಸಿ, ಅದೇ ರಾತ್ರಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆ. ವಿಭಾಗದ ಹಿರಿಯರೊಬ್ಬರು, “ವಿಮಾನಕ್ಕೆ ಹೋಗುವುದಾದರೆ ಹಣ ಕೊಡುತ್ತೇನೆ” ಎಂದಿದ್ದರು. ಸ್ವಲ್ಪ ಹುಷಾರಿಲ್ಲದ್ದಕ್ಕೆ ವಿಮಾನವೇಕೆ ಎಂದು ನಕ್ಕೆ. ಅಪ್ಪಯ್ಯನಿಗೆಂದು ಎರಡು ಕಿಲೋ ಸೇಬು ಕೊಂಡಿದ್ದೆ. ಎರಡು ರಾತ್ರಿ ರೈಲು, ಬೆಂಗಳೂರಿನಿಂದ ಇನ್ನೊಂದು ರಾತ್ರಿ ಬಸ್ಸು. ದಾರಿಯಲ್ಲಿ ಇಸ್ಪೀಟು ಆಡಿದೆ, ನಿದ್ದೆ ಮಾಡಿದೆ. ಭಾನುವಾರ ಬೆಳಿಗ್ಗೆ ಸೇಬಿನ ಚೀಲ ಹಿಡಿದು ಅಂಗಳಕ್ಕೆ ಕಾಲಿಟ್ಟಾಗ ಅಣ್ಣನ ತಲೆ ಬೋಳಾಗಿತ್ತು.

ಅಪ್ಪಯ್ಯ ಹೋದದ್ದು ಗುರುವಾರ ಬೆಳಗಿನ ಜಾವ. ಫೋನು ಬರುವುದಕ್ಕೆ ಮುಂಚೆ. ನಾನು ಹೇಗಾದರೂ ಬಂದೇನೆಂದು ಶುಕ್ರವಾರ ಮಧ್ಯಾಹ್ನದವರೆಗೆ ಕಾದಿದ್ದರಂತೆ. “ಒಬ್ಬನೇ ಅಷ್ಟು ದೂರ ಅಳ್ತಾ ಬರ್ತೀಯಲ್ಲ ಅಂತ ಹೇಳಲಿಲ್ಲ ಕಣೋ” ಎಂದ ಅಣ್ಣ. ‘ಬೇಗ ಬಾ’ ಎಂದದ್ದರಲ್ಲೇ ನಾನು ಅರ್ಥ ಮಾಡಿಕೊಂಡೇನೆಂದು ಅವನ ಭಾವನೆ. ನಾನು ಅರ್ಥ ಮಾಡಿಕೊಳ್ಳಲಿಲ್ಲ. ವಿಮಾನ ಹತ್ತಿದ್ದರೆ ಮುಖ ಕಾಣುತ್ತಿತ್ತು.

ಬಿ.ಎಸ್ಸಿ. ಓದುವಾಗ ನಮ್ಮ ಅಧ್ಯಾಪಕರು, ಆಕಾಶದಲ್ಲಿ ಕಾಣುವುದೆಲ್ಲ ಹಳೆಯ ಸುದ್ದಿ ಎನ್ನುತ್ತಿದ್ದರು. ೧೯೮೭ರ ಫೆಬ್ರವರಿಯಲ್ಲಿ ಒಂದು ನಕ್ಷತ್ರ ಸಿಡಿದುದನ್ನು ಜಗತ್ತು ಕಂಡಿತು. ಅದು ಸಿಡಿದು ಒಂದೂವರೆ ಲಕ್ಷ ವರ್ಷಕ್ಕೂ ಮೇಲಾಗಿತ್ತು. ಬೆಳಕು ತಲುಪಬೇಕಲ್ಲ! ನನ್ನ ಲೆಕ್ಕದಲ್ಲಿ ಅಪ್ಪಯ್ಯ ಭಾನುವಾರದವರೆಗೆ ಬದುಕಿದ್ದರು. ಆ ಮೂರು ದಿನದ ನೆಮ್ಮದಿ ಅಣ್ಣ ಕೊಟ್ಟದ್ದು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಬೆಳಕಿಗೂ ಅಣ್ಣನಿಗೂ ಒಂದು ವ್ಯತ್ಯಾಸವಿದೆ. ಬೆಳಕು ತಡವಾಗಿ ಬರುವುದು ಅದರ ಇಚ್ಛೆಯಿಂದಲ್ಲ.

ಓಬಿ-ವಾನ್ ವಿಷಯಕ್ಕೆ ಬರೋಣ. ೧೯೮೩ರ ಚಿತ್ರದಲ್ಲಿ ಲ್ಯೂಕ್ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಸತ್ತು ಛಾಯೆಯಾಗಿದ್ದ ಮುದುಕ, ನಾನು ಹೇಳಿದ್ದು ಒಂದು ದೃಷ್ಟಿಯಿಂದ ನಿಜವೇ ಎಂದು ಸಮಜಾಯಿಷಿ ಕೊಡುತ್ತಾನೆ: ಒಳ್ಳೆಯವನಾಗಿದ್ದ ತಂದೆಯನ್ನು ದುಷ್ಟನಾದ ವೇಡರ್ ನುಂಗಿಹಾಕಿದ, ಆದ್ದರಿಂದ ಕೊಂದ ಹಾಗೆಯೇ! ಇದು ನಮ್ಮ ಧರ್ಮರಾಯನ ಆನೆಯ ಜಾತಿಯ ಮಾತು. ಅಶ್ವತ್ಥಾಮನೆಂಬ ಆನೆ ಸತ್ತದ್ದು ನಿಜ. ಆದರೂ ಆ ಮಾತಿಗೆ ಧರ್ಮರಾಯನ ರಥ ನೆಲಕ್ಕಿಳಿಯಿತು. ಏಕೆ? ಆ ಮಾತನ್ನು ನಂಬಿ ದ್ರೋಣ ಶಸ್ತ್ರ ಕೆಳಗಿಟ್ಟ. ದ್ರೋಣ ಅದನ್ನು ಕೇಳಿ ಸುಮ್ಮನೆ ನಿಟ್ಟುಸಿರು ಬಿಟ್ಟಿದ್ದರೆ ರಥ ಇಳಿಯುತ್ತಿತ್ತೋ ಇಲ್ಲವೋ.

ಇಲ್ಲೊಂದು ತಮಾಷೆಯೂ ಇದೆ. ಓಬಿ-ವಾನ್ ೧೯೭೭ರಲ್ಲಿ ಹೇಳಿದ್ದು ಸುಳ್ಳಾಗಿರಲೇ ಇಲ್ಲವೇನೋ! ಎರಡನೆಯ ಚಿತ್ರಕ್ಕೆ ಲೀ ಬ್ರ್ಯಾಕೆಟ್ ಎಂಬ ಲೇಖಕಿ ೧೯೭೮ರಲ್ಲಿ ಬರೆದ ಮೊದಲ ಕರಡಿನಲ್ಲಿ ಲ್ಯೂಕನ ತಂದೆ ವೇಡರನಿಂದ ಬೇರೆಯಾದ ವ್ಯಕ್ತಿ. ಛಾಯೆಯಾಗಿ ಬಂದು ಮಗನನ್ನು ಮಾತಾಡಿಸುತ್ತಾನೆ. ಆಕೆ ಆ ವರ್ಷವೇ ತೀರಿಕೊಂಡರು. ಮುಂದಿನ ಕರಡಿನಲ್ಲಿ ಲ್ಯೂಕಾಸ್ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿದರು. ಪಾಪ, ಮುದುಕ ನಿಜವೆಂದು ಹೇಳಿದ ಮಾತು ಮೂರು ವರ್ಷದ ಮೇಲೆ ಅವನ ಬೆನ್ನ ಹಿಂದೆ ಸುಳ್ಳಾಯಿತು. ಇಂಥ ಅನ್ಯಾಯ ಕಥೆಯ ಪಾತ್ರಗಳಿಗೆ ಮಾತ್ರ ಆಗುತ್ತದೆ ಎನ್ನಲು ನನಗೆ ಧೈರ್ಯ ಸಾಲದು. ಹಿಂದಿನ ದಿನಾಂಕದಿಂದ ಜಾರಿಗೆ ಬರುವ ಸುತ್ತೋಲೆಗಳನ್ನು ನಾನೇ ಟೈಪು ಮಾಡಿದ್ದೇನೆ.

ಅದು ಹೇಗೇ ಇರಲಿ, ಕಥೆ ಈಗ ನಿಂತಿರುವ ರೀತಿಯಲ್ಲಿ ಓಬಿ-ವಾನನ ತಪ್ಪು ಸತ್ಯವನ್ನು ತಡೆಹಿಡಿದದ್ದರಲ್ಲಿ ಇಲ್ಲವೆಂದು ನನಗೆ ತೋರುತ್ತದೆ. ಎಳೆಯನಿಗೆ ಎಲ್ಲವನ್ನೂ ಮೊದಲ ದಿನವೇ ಹೇಳಬೇಕೆಂಬುದು ಕ್ರೌರ್ಯ. ತಪ್ಪಿರುವುದು, ಸತ್ಯವನ್ನು ಮುಚ್ಚಿಟ್ಟು ಅವನ ಕೈಗೆ ಕತ್ತಿ ಕೊಟ್ಟದ್ದರಲ್ಲಿ. ಕುಂತಿಯದೂ ಅದೇ ತಪ್ಪು. ಸೂತನ ಮನೆಯಲ್ಲಿ ಬೆಳೆಯುತ್ತಿರುವವನು ನಿಮ್ಮ ಅಣ್ಣನೆಂದು ಬಾಲಕರಿಗೆ ಹೇಳದಿದ್ದರೆ ಅದು ಅವಳ ಗುಟ್ಟು, ಅವಳ ಸಂಕಟ. ಯುದ್ಧಕ್ಕೆ ಮುನ್ನ ಕರ್ಣನಿಗೆ ಹೇಳಿದಳು. ಅರ್ಜುನನಿಗೆ ಹೇಳಲಿಲ್ಲ. ಎಲ್ಲ ಮುಗಿದು ಸತ್ತವರಿಗೆ ತರ್ಪಣ ಬಿಡುವ ಹೊತ್ತಿಗೆ ಬಾಯಿಬಿಟ್ಟಳು. ಧರ್ಮರಾಯ ಸಿಟ್ಟಿನಲ್ಲಿ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲೆಂದು ಇಡೀ ಸ್ತ್ರೀಕುಲಕ್ಕೇ ಶಾಪ ಕೊಟ್ಟ. ಶಾಪ ಅನ್ಯಾಯದ್ದು, ಆದರೆ ಆ ಸಿಟ್ಟು ನನಗೆ ಅರ್ಥವಾಗುತ್ತದೆ.

ಕೇಳುವವನು ಬರೀ ಕೇಳುವವನಾಗಿದ್ದರೆ ಸತ್ಯ ಕಾಯಬಹುದು. ಅವನು ಅದರ ಮೇಲೆ ಏನನ್ನಾದರೂ ಮಾಡಬೇಕಾದವನಾದರೆ, ಬಾಣ ಬಿಡುವವನಾದರೆ, ರೈಲೋ ವಿಮಾನವೋ ಎಂದು ಆರಿಸಬೇಕಾದವನಾದರೆ, ನಾವು ಮುಚ್ಚಿಟ್ಟದ್ದು ಅವನ ಕೈಯಿಂದ ಮಾಡಿಸಿದ ಕೆಲಸದಲ್ಲಿ ನಮ್ಮ ಪಾಲೂ ಇರುತ್ತದೆ. ಅಣ್ಣನಿಗೆ ಈ ಮಾತನ್ನು ನಾನು ಈವರೆಗೆ ಹೇಳಿಲ್ಲ. ಅಪ್ಪಯ್ಯನ ಹಾಸಿಗೆಯ ಬಳಿ ಆ ರಾತ್ರಿಯೆಲ್ಲ ಕುಳಿತಿದ್ದವನು ಅವನು; ಆ ಫೋನು ಮಾಡಬೇಕಾಗಿ ಬಂದವನೂ ಅವನೇ. ಅವನ ಜಾಗದಲ್ಲಿ ನಾನಿದ್ದರೆ ಬೇರೆ ಮಾತು ಬಾಯಿಗೆ ಬರುತ್ತಿತ್ತೆಂದು ಹೇಗೆ ಹೇಳಲಿ?

ಚಿತ್ರ ನೋಡುವವನ ಕೈಯಲ್ಲಿ ಕತ್ತಿಯಿಲ್ಲ. ಆದ್ದರಿಂದ ಅವನಿಂದ ಗುಟ್ಟನ್ನು ಮುಚ್ಚಿಡುವುದು ಪಾಪವಲ್ಲವೆಂದು ತೀರ್ಮಾನಿಸಿ, ಬಿಡುಗಡೆಯ ಕ್ರಮವನ್ನೇ ಹಿಡಿದೆ. ಬೆರಗು ಒಂದೇ ಸಲ ಸಿಗುವಂಥದು. ಮರುಕಕ್ಕೆ ಎರಡನೆಯ ಸಲ ನೋಡಿದರಾಯಿತು. ಯೋಡಾ ಎಂಬ ಕುಳ್ಳ ಹಸಿರು ಮುದುಕನ ವಿಷಯದಲ್ಲಂತೂ ಇದು ತೀರ ನಿಜ. ೧೯೮೦ರ ಚಿತ್ರದಲ್ಲಿ ಅವನು ಮೊದಲು ಊಟದ ಬುತ್ತಿಗೆ ಕೈಹಾಕುವ ವಿದೂಷಕನಂತೆ ಬಂದು, ಆಮೇಲೆ ಮಹಾಗುರುವೆಂದು ತಿಳಿಯುತ್ತಾನೆ. ಸಂಖ್ಯೆಯ ಕ್ರಮದವರಿಗೆ ಅವನು ಗುರುವೆಂದು ಮೊದಲೇ ಗೊತ್ತು. ಆ ಪೆಟ್ಟಿನ ರುಚಿ ಅವರಿಗಿಲ್ಲ.

ಮೊದಲ ಶನಿವಾರ ನಾಲ್ಕನೆಯದು ಮುಗಿಯಿತು. ನಿರ್ವಾತದಲ್ಲಿ ಸದ್ದು ಸಂಚರಿಸುವುದಿಲ್ಲ, ಆದರೂ ಇಲ್ಲಿ ಇಷ್ಟು ಸಿಡಿತ ಕೇಳಿಸುತ್ತಿದೆಯಲ್ಲ ಎಂದು ನಾನು ವಿಜ್ಞಾನ ಹೇಳಹೊರಟಾಗ ತಾಯಿ ಮಗ ಇಬ್ಬರೂ ಒಟ್ಟಿಗೆ ‘ಶ್’ ಎಂದರು. ಎರಡನೆಯ ಶನಿವಾರ ಐದನೆಯದು. ಆ ಮಾತು ಬರುವ ಹೊತ್ತಿಗೆ ನಾನು ಟಿ.ವಿ. ನೋಡುವುದನ್ನು ಬಿಟ್ಟು ಮಗನ ಮುಖವನ್ನೇ ನೋಡುತ್ತಿದ್ದೆ. ಅವನು ಕಣ್ಣರಳಿಸಿ, ಬಾಯಿ ತೆರೆದು, “ಅಯ್ಯೋ!” ಎಂದ. ನನ್ನ ತೀರ್ಮಾನದ ಬಗ್ಗೆ ನನಗೇ ಹೆಮ್ಮೆಯಾಯಿತು.

ಒಂದು ವಾರದ ಮೇಲೆ ನನ್ನಾಕೆ ನಗುತ್ತ ಹೇಳಿದಳು: ಅವನಿಗೆ ಅದು ಎರಡು ವರ್ಷದಿಂದಲೇ ಗೊತ್ತಿತ್ತಂತೆ. ಶಾಲೆಯ ಬಸ್ಸಿನಲ್ಲಿ ಹುಡುಗರು ಮುಖಕ್ಕೆ ಟಿಫಿನ್ ಡಬ್ಬಿ ಹಿಡಿದು, ಗೊಗ್ಗರು ದನಿಯಲ್ಲಿ ಆ ಮಾತನ್ನೇ ಹೇಳಿ ಆಡುತ್ತಾರಂತೆ. ನಾನು ಅವನನ್ನು ಕರೆದು, “ಗೊತ್ತಿದ್ದರೆ ಯಾಕೋ ಹೇಳಲಿಲ್ಲ?” ಎಂದೆ.

“ನೀನು ನನ್ನ ಮುಖಾನೇ ನೋಡ್ತಾ ಕೂತಿದ್ದೆ ಅಪ್ಪ. ಹೇಳಿದ್ರೆ ನಿಂಗೆ ಬೇಜಾರಾಗ್ತಿತ್ತು.”

ನಾನು ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಅಣ್ಣನಿಗೆ ಫೋನು ಮಾಡಿ, ಅಡಿಕೆ ಕೊಯ್ಲು ಎಲ್ಲಿಗೆ ಬಂತೆಂದು ವಿಚಾರಿಸಿದೆ. ಬರುವ ಶನಿವಾರಕ್ಕೆ ಯಾವ ಭಾಗವೆಂಬುದನ್ನು ಮಗನೇ ಆರಿಸಿಟ್ಟಿದ್ದಾನೆ. ಯಾವುದೆಂದು ನನಗೆ ಹೇಳಿಲ್ಲ.