ನಂಬಿಕೆಯೂ ಒಂದು ಕೂಲಿ



ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಜಾತ್ರೆ ಮುಗಿಸಿಕೊಂಡು ನಮ್ಮ ಮಠಕ್ಕೆ ಬಂದವರಲ್ಲಿ ಈ ಸಲ ಹತ್ತಾರು ತರುಣರಿದ್ದರು. ಎಲ್ಲರೂ ಅಕ್ಕಲಕೋಟೆ, ಜತ್ತ ಭಾಗದ ರೈತರ ಮಕ್ಕಳು, ಅಂಗಡಿಕಾರರ ಮಕ್ಕಳು. ಈಗ ಪುಣೆಯ ಹಿಂಜವಡಿಯಲ್ಲಿ, ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸಕ್ಕಿದ್ದಾರೆ. ಪ್ರಸಾದ ಮುಗಿದ ಮೇಲೆ ಅವರನ್ನು ಕೂಡಿಸಿಕೊಂಡು ನಾವು ಕೇಳಿದೆವು: "ತಮ್ಮಾ, ನಿಮ್ಮ ಕೆಲಸದಾಗ ಮನಸ್ಸಿಗೆ ಹಿತ ಆಗೂದು ಯಾವುದು, ಬ್ಯಾಸರ ಆಗೂದು ಯಾವುದು?"

ಪಗಾರ ಎಷ್ಟೆಂದು ನಾವು ಕೇಳಲಿಲ್ಲ. ಅದನ್ನು ಊರವರೆಲ್ಲ ಆಗಲೇ ಕೇಳಿಯಾಗಿತ್ತು.

ಮೊದಲು ಅವರು ಸಂಕೋಚಪಟ್ಟರು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಹಿತವಾದದ್ದರಲ್ಲಿ ಮೊದಲು ಹೇಳಿದ್ದು, ಪಗಾರ ತಾರೀಖಿಗೆ ಸರಿಯಾಗಿ ಬರುತ್ತದೆ, ಯಾರ ಮುಂದೆಯೂ ನಿಂತು ಕೇಳಬೇಕಾಗಿಲ್ಲ ಎಂದು. ಎರಡನೆಯದು, ದಿನವೂ ಏನಾದರೊಂದು ಹೊಸದನ್ನು ಕಲಿಯಬಹುದು. ಮೂರನೆಯದನ್ನು ಒಬ್ಬ ಹುಡುಗ ತಲೆ ತಗ್ಗಿಸಿ ಹೇಳಿದ: "ಅಪ್ಪಾರ, ಅಲ್ಲಿ ನೀನು ಯಾರ ಮಗ ಅಂತ ಯಾರೂ ಕೇಳೂದಿಲ್ರೀ. ಕೆಲಸ ಬರ್ತದೋ ಇಲ್ಲೋ, ಅಷ್ಟ ನೋಡ್ತಾರ." ಆ ಮಾತನ್ನು ಕೇಳಿ ನಾವು ಒಂದು ಗಳಿಗೆ ಸುಮ್ಮನಾದೆವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಹೇಳಿದ್ದು ಇದನ್ನೇ. ಅದನ್ನು ನಮ್ಮ ಮಕ್ಕಳು ತಮ್ಮ ಊರಿನಲ್ಲಿ ಕಾಣದೆ, ಪರ ಊರಿನ ಕಂಪನಿಯಲ್ಲಿ ಕಂಡರು.

ಬೇಸರದ ಪಟ್ಟಿಯೂ ಸಣ್ಣದಿರಲಿಲ್ಲ. ಗಿರಾಕಿಗಳು ಅಮೆರಿಕದವರು. ಚಳಿಗಾಲದಲ್ಲಿ ಅಲ್ಲಿಯ ಕ್ಯಾಲಿಫೋರ್ನಿಯದಲ್ಲಿ ಬೆಳಿಗ್ಗೆ ಎಂಟು ಹೊಡೆದಾಗ ಇಲ್ಲಿ ರಾತ್ರಿ ಒಂಬತ್ತೂವರೆ. ಅವರು ಕಚೇರಿಗೆ ಬರುವ ಹೊತ್ತಿಗೆ ನಮ್ಮ ಮಕ್ಕಳು ಊಟದ ತಟ್ಟೆ ಬಿಟ್ಟು ಫೋನಿಗೆ ಕೂಡಬೇಕು. ವರ್ಷಕ್ಕೊಮ್ಮೆ ಎಲ್ಲರನ್ನೂ ತೂಗಿ, ಇವನು ಮೇಲು, ಇವನು ಕಡಿಮೆ ಎಂದು ದರ್ಜೆ ಹಾಕುತ್ತಾರೆ. ಕೈಯಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಎದೆ ಡವಡವ ಎನ್ನುತ್ತದೆ. ಒಬ್ಬನ ಪಕ್ಕದಲ್ಲಿ ಕೂಡುತ್ತಿದ್ದ ಗೆಳೆಯ ಒಂದು ಮುಂಜಾನೆ ಎಂದಿನಂತೆ ಕಚೇರಿಗೆ ಬಂದನಂತೆ. ಬಾಗಿಲಿಗೆ ಕಾರ್ಡು ಹಿಡಿದರೆ ಬಾಗಿಲು ತೆರೆಯಲಿಲ್ಲ. ಕೆಲಸ ಹೋಗಿದೆ ಎಂಬುದು ಅವನಿಗೆ ತಿಳಿದದ್ದೇ ಹಾಗೆ. ಆರು ವರ್ಷ ದುಡಿದ ಜಾಗ, ಒಂದು ಮಾತೂ ಇಲ್ಲ. "ಕೆಲಸ ಹೋಗೂದಕ್ಕ ಅಂಜೂದಿಲ್ರೀ ಅಪ್ಪಾರ, ಹಂಗ ಹೋಗೂದಕ್ಕ ಅಂಜ್ತೇವಿ" ಎಂದ.

ಇದು ಒಬ್ಬಿಬ್ಬರ ಅಂಜಿಕೆಯಲ್ಲ. 2023ರ ಜನವರಿಯಲ್ಲಿ ಗೂಗಲ್ ಕಂಪನಿ ಸುಮಾರು 12 ಸಾವಿರ ಜನರನ್ನು, ಮೈಕ್ರೋಸಾಫ್ಟ್ ಸುಮಾರು 10 ಸಾವಿರ ಜನರನ್ನು ಕೆಲಸದಿಂದ ಬಿಡಿಸುವುದಾಗಿ ಸಾರಿದವು. 2025ರ ಜುಲೈನಲ್ಲಿ ನಮ್ಮ ದೇಶದ ಟಿಸಿಎಸ್ ಕೂಡ ತನ್ನ ನೌಕರರಲ್ಲಿ ನೂರಕ್ಕೆ ಸುಮಾರು ಇಬ್ಬರನ್ನು ಕಡಿಮೆ ಮಾಡುವುದಾಗಿ ಹೇಳಿತು.

ಅಲ್ಲೇ ಕೂತಿದ್ದ ಹಿರಿಯ ರೈತರೊಬ್ಬರಿಗೆ ಈ ಮಾತುಗಳು ಸೇರಲಿಲ್ಲ. "ಅಪ್ಪಾರ, ಎಸಿಯೊಳಗ ಕುಂತು ದುಡಿಯೂದಕ್ಕ ಇವರಿಗೇನು ಧಾಡಿ? ನಾವು ಬಿಸಿಲಾಗ ದುಡಿಯೂದಿಲ್ಲೇನು?" ಎಂದರು. ಅವರ ಮಾತಿನಲ್ಲೂ ಹುರುಳಿದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಾದ ನಾರಾಯಣಮೂರ್ತಿಯವರು, ದೇಶದ ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಎಂದಾಗ ಎಲ್ಲೆಡೆ ವಾದವೆದ್ದಿತು. ಸುಗ್ಗಿಯಲ್ಲಿ ನಮ್ಮ ಒಕ್ಕಲುಮಕ್ಕಳು ಅದಕ್ಕಿಂತ ಹೆಚ್ಚೇ ದುಡಿಯುತ್ತಾರೆ. ಆದರೆ ಸುಗ್ಗಿಗೆ ಒಂದು ಕೊನೆಯಿದೆ. ರಾಶಿಯಾದ ಮೇಲೆ ಕಣದಲ್ಲಿ ನಿಂತು ನೋಡಿದರೆ ಜೋಳದ ಗುಂಪಿ ಕಣ್ಣಿಗೆ ಕಾಣುತ್ತದೆ, ಅದು ನಮ್ಮದು. ಹನ್ನೆರಡು ತಿಂಗಳೂ ಸುಗ್ಗಿ, ರಾಶಿ ಮಾತ್ರ ಎಲ್ಲಿಯೋ ಯಾರದೋ ಎಂದಾದರೆ ಯಾವ ರೈತನ ಮನಸ್ಸು ನಿಂತೀತು? ದಣಿವಿಗೆ ಬಿಸಿಲೊಂದೇ ಕಾರಣವಲ್ಲ.

ಹಾಗಾದರೆ ದುಡಿಯುವವನಿಗೆ ನಿಜವಾಗಿ ಬೇಕಾದದ್ದು ಏನು? ಇದಕ್ಕೆ ಒಂದು ದೃಷ್ಟಾಂತ ಹೇಳುತ್ತೇವೆ. ಇದು ಪುರಾಣದ್ದಲ್ಲ, ಅಮೆರಿಕದ ಒಂದು ಕಂಪನಿಯದು. ನಮ್ಮ ಮಕ್ಕಳು ದುಡಿಯುವ ಇಂಥ ಕಂಪನಿಗಳ ರೀತಿ ರಿವಾಜು ಬಹಳಷ್ಟು ಆ ಸೀಮೆಯಿಂದಲೇ ಬಂದದ್ದು. ಆದ್ದರಿಂದ ಅಲ್ಲಿಯ ಕಥೆ ಕೇಳುವುದು ಉಚಿತ.

ಕ್ಯಾಲಿಫೋರ್ನಿಯದ ಪಾಲೋ ಆಲ್ಟೋ ಎಂಬ ಊರಿನಲ್ಲಿ 1939ರಲ್ಲಿ ವಿಲಿಯಂ ಹ್ಯೂಲೆಟ್, ಡೇವಿಡ್ ಪ್ಯಾಕರ್ಡ್ ಎಂಬ ಇಬ್ಬರು ಗೆಳೆಯರು, ಮನೆಯ ಹಿಂದಿನ ಕಾರು ನಿಲ್ಲಿಸುವ ಕೋಣೆಯಲ್ಲಿ, 538 ಡಾಲರ್ ಬಂಡವಾಳದಿಂದ ವಿದ್ಯುತ್ ಅಳತೆಯ ಯಂತ್ರಗಳನ್ನು ಮಾಡತೊಡಗಿದರು. ಹ್ಯೂಲೆಟ್-ಪ್ಯಾಕರ್ಡ್ ಎಂಬ ಹೆಸರಿನ ಆ ಕಂಪನಿ ಮುಂದೆ ಜಗತ್ತಿಗೆಲ್ಲ ಕಂಪ್ಯೂಟರ್, ಪ್ರಿಂಟರ್ ಮಾರಿತು.

ಪ್ಯಾಕರ್ಡರು ಅದಕ್ಕೂ ಮೊದಲು ಜನರಲ್ ಎಲೆಕ್ಟ್ರಿಕ್ ಎಂಬ ದೊಡ್ಡ ಕಂಪನಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಆಳುಗಳು ಕದ್ದಾರು ಎಂದು ಸಾಮಾನಿನ ಕೋಣೆಗೆ ಬಿಗಿ ಕಾವಲು. ತಮ್ಮನ್ನು ಕಳ್ಳರೆಂದು ಬಗೆದದ್ದಕ್ಕೆ ಸಿಟ್ಟಾದ ಜನ, ಸಿಕ್ಕಿದ್ದನ್ನು ಮನೆಗೆ ಒಯ್ಯುತ್ತಿದ್ದರಂತೆ. ಇದನ್ನು ಪ್ಯಾಕರ್ಡರೇ 1995ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ತಮ್ಮ ಕಂಪನಿಯಲ್ಲಿ ಅವರು ಸಾಮಾನಿನ ಕೋಣೆಯನ್ನು ತೆರೆದೇ ಇಟ್ಟರು. ಒಮ್ಮೆ ಸೂಟಿಯ ದಿನ ಹ್ಯೂಲೆಟ್ಟರು ಕೆಲಸಕ್ಕೆ ಬಂದು ನೋಡಿದರೆ ಆ ಕೋಣೆ ಮುಚ್ಚಿ ಭದ್ರಮಾಡಿತ್ತು. ಅವರು ಅದನ್ನು ಒಡೆದು ಹಾಕಿ, ಇನ್ನೆಂದೂ ಹೀಗೆ ಮುಚ್ಚಬಾರದೆಂದು ಚೀಟಿ ಬರೆದಿಟ್ಟು ಹೋದರು. ಯಜಮಾನ ತನ್ನ ಕೋಣೆಯ ಬಾಗಿಲನ್ನು ತಾನೇ ಒಡೆದ. ಆಳುಗಳ ಮೇಲಿನ ಗುಮಾನಿಯನ್ನು ಒಡೆದಂತಾಯಿತು.

ಅದೇ ಕಂಪನಿಯ ಒಬ್ಬ ನೌಕರನಿಗೆ ಕ್ಷಯರೋಗ ಬಂದು ಎರಡು ವರ್ಷ ಕೆಲಸ ಬಿಡಬೇಕಾಯಿತು. ಆ ಮನೆಯ ಗತಿ ಕಂಡ ಯಜಮಾನರು ಅವರಿಗೆ ನೆರವಾದರು. ಅಷ್ಟಕ್ಕೇ ನಿಲ್ಲದೆ, ಭಾರಿ ಕಾಯಿಲೆಗೆ ಎಲ್ಲರಿಗೂ ವಿಮೆಯ ಏರ್ಪಾಟು ಮಾಡಿದರು. 1967ರಲ್ಲಿ ಅವರ ಜರ್ಮನಿಯ ಕಾರ್ಖಾನೆಯಲ್ಲಿ, ಬರುವ ಹೊತ್ತು ಹೋಗುವ ಹೊತ್ತನ್ನು ನೌಕರರೇ ಆರಿಸಿಕೊಳ್ಳಬಹುದು, ದಿನದ ತಾಸು ತುಂಬಿದರೆ ಸಾಕು ಎಂದು ಮಾಡಿದರು.

ದೊಡ್ಡ ಪರೀಕ್ಷೆ ಬಂದದ್ದು 1970ರಲ್ಲಿ. ವ್ಯಾಪಾರ ಇಳಿಯಿತು. ಲೆಕ್ಕ ಹಾಕಿದರೆ ಹತ್ತರಲ್ಲಿ ಒಬ್ಬರನ್ನು ತೆಗೆಯಬೇಕು. ಅವರು ಯಾರನ್ನೂ ತೆಗೆಯಲಿಲ್ಲ. ಎಲ್ಲರೂ ಹದಿನೈದು ದಿನಕ್ಕೆ ಒಂದು ದಿನ ಕೆಲಸ ಬಿಡುವುದು, ಎಲ್ಲರ ಪಗಾರದಲ್ಲಿ ನೂರಕ್ಕೆ ಹತ್ತು ಕಡಿಮೆ ಮಾಡುವುದು, ಯಜಮಾನರಿಂದ ಹಿಡಿದು ಕೆಳಗಿನವರ ತನಕ. ಸುಮಾರು ಆರು ತಿಂಗಳಿಗೆ ವ್ಯಾಪಾರ ಸುಧಾರಿಸಿತು, ಪಗಾರ ಮೊದಲಿನಂತಾಯಿತು. ಕೆಲಸ ಬಲ್ಲ ಕೈಗಳೆಲ್ಲ ಮನೆಯಲ್ಲೇ ಉಳಿದವು.

ಬಂಧುಗಳೇ, ಇದೇ ಕಂಪನಿಯ ಮುಂದಿನ ಕಥೆಯನ್ನೂ ಹೇಳಬೇಕು. ಇಲ್ಲವಾದರೆ ನಾವು ಅರ್ಧ ಸತ್ಯ ಹೇಳಿದಂತಾದೀತು. ಪ್ಯಾಕರ್ಡರು 1996ರಲ್ಲಿ, ಹ್ಯೂಲೆಟ್ಟರು 2001ರ ಜನವರಿಯಲ್ಲಿ ತೀರಿಕೊಂಡರು. ಅದೇ 2001ರಲ್ಲಿ ಮತ್ತೆ ವ್ಯಾಪಾರ ಕುಸಿಯಿತು. ಮನಸ್ಸಿದ್ದವರು ಪಗಾರದಲ್ಲಿ ಸ್ವಲ್ಪ ಬಿಡಿ, ಇಲ್ಲವೆ ರಜೆ ಬಿಡಿ ಎಂದು ಕಂಪನಿ ಕೇಳಿತು. 80 ಸಾವಿರಕ್ಕೂ ಹೆಚ್ಚು ಜನ ತಾವಾಗಿ ಮುಂದೆ ಬಂದರು. ಹಿಂದಿನವರು ಗಳಿಸಿಟ್ಟ ನಂಬಿಕೆ ಅಷ್ಟಿತ್ತು. ಕೆಲವೇ ವಾರಗಳಲ್ಲಿ, ಜುಲೈ ತಿಂಗಳಲ್ಲಿ, ಆರು ಸಾವಿರ ಜನರನ್ನು ತೆಗೆಯುವ ಸುದ್ದಿ ಹೊರಬಿತ್ತು. ಮರುವರ್ಷ ಕಾಂಪ್ಯಾಕ್ ಎಂಬ ಇನ್ನೊಂದು ಕಂಪನಿಯನ್ನು ಕೊಂಡು ಸೇರಿಸಿಕೊಂಡಾಗ ಮತ್ತೂ ಸಾವಿರಾರು ಜನರ ಕೆಲಸ ಹೋಯಿತು.

ನಷ್ಟ ನಿಜವೇ ಇದ್ದೀತು. ಅಡತ ಅಂಗಡಿ ನಡೆಸುವ ನಿಮಗೆ ಅದು ತಿಳಿಯದ ಮಾತಲ್ಲ. ಕಾಲ ಕೆಟ್ಟಾಗ ಎಲ್ಲರನ್ನೂ ಇಟ್ಟುಕೊಳ್ಳಲು ಯಾವ ಯಜಮಾನನಿಗೂ ಆಗದೆ ಹೋಗಬಹುದು. ಆದರೆ ಎರಡು ಸಲದ ಅಂತರ ನೋಡಿರಿ. ಮೊದಲ ಸಲ ಕಷ್ಟವನ್ನು ಎಲ್ಲರೂ ಹಂಚಿಕೊಂಡರು, ನಂಬಿಕೆ ಬೆಳೆಯಿತು. ಎರಡನೆಯ ಸಲ ತ್ಯಾಗವನ್ನು ಕೇಳಿ ಪಡೆದರು, ಆದರೂ ಜನ ಹೊರಬಿದ್ದರು. ಅರವತ್ತು ವರ್ಷ ಕೂಡಿಟ್ಟ ನಂಬಿಕೆಗೆ ಒಂದು ಬೇಸಿಗೆಯಲ್ಲಿ ಪೆಟ್ಟು ಬಿತ್ತು.

ನಮ್ಮ ಶರಣರು ಕಾಯಕದ ಜೊತೆಗೇ ದಾಸೋಹವನ್ನು ಹೇಳಿದ್ದು ಇದಕ್ಕೇ. ಕಾಯಕವೆಂದರೆ ಬರಿಯ ದುಡಿತವಲ್ಲ, ದಾಸೋಹವೆಂದರೆ ಬರಿಯ ಅನ್ನ ನೀಡುವುದಲ್ಲ. ದುಡಿದದ್ದು ಹಂಚಿಹೋಗಬೇಕು, ಹಂಚುವಾಗ ಪಡೆಯುವವನ ಮಾನ ಉಳಿಯಬೇಕು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ. ಅಗತ್ಯಕ್ಕೆ ಮೀರಿದ್ದು ತಮ್ಮದಲ್ಲವೆಂದು ಮರಳಿ ಸುರಿದುಬರಲು ಗಂಡನನ್ನು ಕಳಿಸಿದಳು. ಬಡವಿಯ ಮನೆಯಲ್ಲಿ ಈ ಎಚ್ಚರ ಇತ್ತು. ಸಾವಿರಾರು ಜನರ ದುಡಿತದಿಂದ ಬೆಳೆದ ಸಿರಿವಂತರ ಮನೆಯಲ್ಲಿ ಅದು ಎಷ್ಟರ ಮಟ್ಟಿಗೆ ಇರಬೇಕು?

ಇಷ್ಟು ಕೇಳಿ ನೀವು ಕಂಪನಿಗಳನ್ನು ಬಯ್ದು ಮನೆಗೆ ಹೋದರೆ ಈ ಪ್ರವಚನದಿಂದ ಪ್ರಯೋಜನವಿಲ್ಲ. ನಮ್ಮ ಮಕ್ಕಳು ಪರರ ಕಂಪನಿಯಲ್ಲಿ ಆಳುಗಳು. ನಮ್ಮ ಮನೆಯಲ್ಲಿ ನಾವು ಯಜಮಾನರು. ನಿಮ್ಮ ಅಂಗಡಿಯಲ್ಲಿ ಗುಮಾಸ್ತನಿದ್ದಾನೆ, ಹಮಾಲನಿದ್ದಾನೆ. ನಿಮ್ಮ ಹೊಲದಲ್ಲಿ ವರ್ಷದ ಆಳಿದ್ದಾನೆ. ಅವನನ್ನು ಕೂಡಿಸಿಕೊಂಡು ಯಾರಾದರೂ ಇದೇ ಪ್ರಶ್ನೆ ಕೇಳಿದರೆ ಏನು ಹೇಳಿಯಾನು?

ಪರರ ಮಾತೇಕೆ, ನಮ್ಮದನ್ನೇ ಹೇಳುತ್ತೇವೆ. ಪಗಾರ ತಾರೀಖಿಗೆ ಬರುವುದೇ ಮೊದಲ ಹಿತ ಎಂದು ಆ ಹುಡುಗರು ಹೇಳಿದಾಗ ನಮಗೆ ನಮ್ಮ ಮಠದ ಅಡುಗೆಯವನ ನೆನಪಾಯಿತು. ದಾಸೋಹದ ಒಲೆಯ ಮುಂದೆ ಹದಿನಾಲ್ಕು ವರ್ಷ ನಿಂತವನು. ಜಾತ್ರೆಯ ಖರ್ಚು ಮುಗಿಯಲಿ ಎಂದು ಅವನ ಮೂರು ತಿಂಗಳ ಪಗಾರವನ್ನು ತಡೆದಿದ್ದೆವು. ಅವನು ಕೇಳಿರಲಿಲ್ಲ, ನಾವು ನೆನೆದಿರಲಿಲ್ಲ. ಉಗ್ರಾಣದಿಂದ ಒಂದು ಸೇರು ಬೇಳೆ ಬೇಕಾದರೂ ಅವನು ಕಾರಭಾರಿಯ ಹತ್ತಿರ ಹೋಗಿ ಕೀಲಿಕೈ ಬೇಡಬೇಕಿತ್ತು. ಆ ಸಂಜೆಯೇ ಅವನನ್ನು ಕರೆಸಿ ಬಾಕಿ ತೀರಿಸಿದೆವು, ಉಗ್ರಾಣದ ಕೀಲಿಕೈಯನ್ನು ಅವನ ಕೈಗೇ ಕೊಟ್ಟೆವು. ಅವನು ಹಣವನ್ನು ಎಣಿಸದೆ ಕಿಸೆಗೆ ಹಾಕಿಕೊಂಡ, ಕೀಲಿಕೈಯನ್ನು ಮಾತ್ರ ಕಣ್ಣಿಗೆ ಒತ್ತಿಕೊಂಡ. ದಾಸೋಹದ ಮಠದಲ್ಲಿ ದಾಸೋಹದವನನ್ನೇ ಮರೆತ ತಪ್ಪು ನಮ್ಮದು. ಇದನ್ನು ನಿಮ್ಮೆದುರು ಒಪ್ಪಿಕೊಳ್ಳದೆ ನಿಮಗೆ ಉಪದೇಶ ಮಾಡುವ ಅಧಿಕಾರ ನಮಗಿಲ್ಲ.

ಆದ್ದರಿಂದ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಿ. ದುಡಿದವನ ಕೂಲಿ ಗೊತ್ತಾದ ದಿನ ಅವನ ಕೈಸೇರಲಿ, ಅವನು ಹೊಸ್ತಿಲಲ್ಲಿ ನಿಂತು ಕೇಳುವಂತಾಗದಿರಲಿ. ಬರ ಬಿದ್ದ ವರ್ಷ ಆಳನ್ನು ಬಿಡುವ ಮೊದಲು, ಇರುವುದನ್ನು ಎಲ್ಲರೂ ಕಡಿಮೆ ಉಣ್ಣಲು ಸಾಧ್ಯವೇ ಎಂದು ಯೋಚಿಸಿರಿ. ಬಿಡಲೇಬೇಕಾದರೆ ಮೊದಲೇ ತಿಳಿಸಿ, ಎದುರು ಕೂಡಿಸಿಕೊಂಡು, ನೀರು ಕೊಟ್ಟು ಹೇಳಿರಿ. ಅವನ ಮನೆಯ ಕಾಯಿಲೆ ನಿಮಗೆ ತಿಳಿದಿರಲಿ. ಸೋಮವಾರ ಎತ್ತಿನ ಹೆಗಲಿಗೆ ನೊಗ ಹಾಕದ ಸಂಪ್ರದಾಯ ನಮ್ಮದು. ಎತ್ತಿಗೆ ಕೊಟ್ಟ ಬಿಡುವನ್ನು ಅಂಗಡಿಯ ಹುಡುಗನಿಗೂ ಕೊಡಿರಿ. ಮತ್ತು ಅವನು ಯಾರ ಮಗನೆಂದು ಕೇಳುವುದನ್ನು ಬಿಡಿರಿ.

ತರುಣರಿಗೂ ಒಂದು ಮಾತು. ನಂಬಿಕೆಯನ್ನು ಬೇಡುವವನು ನಂಬಿಕೆಗೆ ತಕ್ಕಂತೆ ನಡೆಯಬೇಕು. ಯಾರೂ ನೋಡದಿದ್ದಾಗಲೂ ಕೆಲಸ ಚೊಕ್ಕಟವಾಗಿರಲಿ. ನಾಳೆ ನಿಮ್ಮ ಕೈಕೆಳಗೆ ನಾಲ್ಕು ಜನ ಬಂದಾಗ, ನಿಮಗೆ ಬೇಸರವಾದದ್ದನ್ನು ಅವರಿಗೆ ಮಾಡಬೇಡಿರಿ. ನಿಮ್ಮ ದುಡಿತದಲ್ಲಿ ಒಂದು ಪಾಲು ಊರಿನ ಕನ್ನಡ ಶಾಲೆಗೆ ಬರಲಿ. ಗಡಿಯಾಚೆಯ ಆ ಶಾಲೆಯಲ್ಲಿ ಅಕ್ಷರ ಕಲಿತೇ ನೀವು ಅಲ್ಲಿಗೆ ಹೋದದ್ದು.

ತಂದೆ ತಾಯಿಗಳೇ, ಮಗನ ಬೆಲೆಯನ್ನು ಅವನ ಪಗಾರದಿಂದ ಕಟ್ಟಬೇಡಿರಿ. ಕನ್ಯೆ ನೋಡಲು ಹೋದಾಗ ವರ್ಷಕ್ಕೆ ಎಷ್ಟು ಲಕ್ಷವೆಂಬುದೇ ಮೊದಲ ಮಾತಾಗದಿರಲಿ. ಒಂದು ದಿನ ಅವನ ಕೆಲಸ ಹೋಗಿ ಊರಿಗೆ ಬಂದರೆ, ನಾಲ್ಕು ಜನ ಏನೆಂದಾರು ಎಂದು ಅವನನ್ನು ಹಿಂಡಬೇಡಿರಿ. ಕಂಪನಿಯ ಬಾಗಿಲು ಕಾರ್ಡು ನೋಡಿ ತೆರೆಯುತ್ತದೆ, ಮನೆಯ ಬಾಗಿಲು ಮುಖ ನೋಡಿ ತೆರೆಯಲಿ.

ಬರುವ ಅಮಾವಾಸ್ಯೆಗೆ ಮಠಕ್ಕೆ ಬರುವಾಗ ನಿಮ್ಮ ಅಂಗಡಿಯ ಹುಡುಗನನ್ನೂ, ಹೊಲದ ಆಳನ್ನೂ ಜೊತೆಗೆ ಕರೆತನ್ನಿ. ಒಂದೇ ಪಂಕ್ತಿಯಲ್ಲಿ ಕೂತು ಪ್ರಸಾದ ಮಾಡೋಣ. ಬಸವಾದಿ ಶರಣರ ಕೃಪೆ ದುಡಿಯುವ ಎಲ್ಲ ಕೈಗಳ ಮೇಲೂ, ದುಡಿಸುವ ಎಲ್ಲ ಮನಸ್ಸುಗಳ ಮೇಲೂ ಇರಲೆಂದು ಹಾರೈಸುತ್ತೇವೆ.